ವಿಸಿನಿಟಿ ಎಂಬ ಪದ

ನೀವು ಕೇಳಿಸಿಕೊಂಡದ್ದು ಸರಿಯಾಗಿಯೇ ಇತ್ತು, ಪುಟ್ಟಸ್ವಾಮಣ್ಣ. ತಪ್ಪು ಹೇಳಿದವನು ನಾನು.

ಕೋಡಿಹಳ್ಳಿಯ ಟೀ ಅಂಗಡಿ. ಫಾರ್ಮ್‌ಹೌಸಿನವರು ಯಾರೋ ಊರಿನ ವಾಟ್ಸಾಪ್ ಗ್ರೂಪಿಗೆ ಇಂಗ್ಲಿಷಿನಲ್ಲಿ ಒಂದು ಸಾಲು ಹಾಕಿದ್ದರು: ಕೆರೆಯ ‘ವಿಸಿನಿಟಿ’ಯಲ್ಲಿ ಆನೆಗಳಿವೆ. ನೀವು ಮೊಬೈಲನ್ನು ನನ್ನ ಮುಂದೆ ಹಿಡಿದಿರಿ.

“ವಿಸಿನಿಟಿ ಅಂದ್ರೇನು ಮೇಷ್ಟ್ರೇ? ಬೆಳಿಗ್ಗೆ ರೇಸ್ಮೆ ಹುಳಕ್ಕೆ ಸೊಪ್ಪು ಕುಯ್ಯಕ್ಕೆ ಕೆರೆ ಮಗ್ಗುಲಿಗೇ ಹೋಗ್ಬೇಕು.”

ಬೆಂಚಿನ ಮೇಲಿದ್ದ ಯಾರೋ ನಕ್ಕರು. “ಟ್ಯೂಷನ್ ಮೇಷ್ಟ್ರಿಗೇ ಪರೀಕ್ಷೆ ಮಡಗ್ತೀಯೇನ್ಲಾ?”

ನನಗೆ ಗೊತ್ತಿರಲಿಲ್ಲ. ಇಂಗ್ಲಿಷ್ ಕಲಿಸಿ ಬದುಕುವವನು — ಎಲ್ಲೋ ಓದಿದ್ದೆ, ಅರ್ಥ ಮಾತ್ರ ನೆನಪಾಗಲಿಲ್ಲ — ವಿಸಿಟ್ ಎಂಬುದು ಹೊಳೆಯಿತು. “ಬಂದು ಹೋಗವೆ ಅಂತ. ಈಗ ಇಲ್ಲ,” ಎಂದುಬಿಟ್ಟೆ.

ನನ್ನ ಮೊಬೈಲೂ ಜೇಬಿನಲ್ಲಿತ್ತೆ? ಒಂದು ನೆನಪಿನಲ್ಲಿ ಇತ್ತು, ಹುಡುಕಿ ನೋಡಬಹುದಿತ್ತು. ಇನ್ನೊಂದರಲ್ಲಿ ಮನೆಯಲ್ಲೇ ಬಿಟ್ಟು ಬಂದಿದ್ದೆ. ಎರಡನೆಯದು ನನಗೆ ಅನುಕೂಲ. ಅದಕ್ಕೇ ಅದನ್ನು ನಂಬುವುದಿಲ್ಲ.

ಮರುದಿನ ಬೆಳಿಗ್ಗೆ ಆನೆ ನಿಮ್ಮನ್ನು ಬದುವಿನಾಚೆ ಎಸೆಯಿತು. ಸೊಂಟ ಮುರಿಯಿತು. ಮಧ್ಯಾಹ್ನ ಅರ್ಥ ನೋಡಿದೆ: ಆಸುಪಾಸು, ಸುತ್ತಮುತ್ತ. ಹತ್ತಿರ ಎನ್ನುತ್ತದೆ, ಎಷ್ಟು ಹತ್ತಿರ ಎನ್ನುವುದಿಲ್ಲ. ಕೂಗಳತೆಯಲ್ಲಿದ್ದರೂ ಅದೇ ಪದ, ಬೆನ್ನ ಹಿಂದೆಯೇ ಇದ್ದರೂ ಅದೇ.

ಆಸ್ಪತ್ರೆಗೆ ಬಂದದ್ದು ನಿಜ ಹೇಳಲೆಂದೇ — ಹಾಗೆಂದುಕೊಳ್ಳುತ್ತೇನೆ. ನಿಮ್ಮ ಹೆಂಡತಿ ಜಯಮ್ಮನವರೇ ಮೊದಲು ಮಾತೆತ್ತಿದರು: “ಆನೆ ಹತ್ರದಲ್ಲೇ ಅವೆ ಅಂತ ನೀವು ಹೇಳಿರ್ತೀರ. ಇವರಿಗೆ ಅದೇನ್ ಕೇಳುಸ್ತೋ. ಅಲ್ವಾ ಮೇಷ್ಟ್ರೇ?”

ತಲೆಯಾಡಿಸಿದೆ. ಅಷ್ಟೇ. ಅಂದಿನಿಂದ ಆ ‘ಹೌದಿ’ನೊಳಗೇ ಇದ್ದೇನೆ. ಹೊರಬರಲು ಹೋದಾಗಲೆಲ್ಲ ಯಾರಾದರೂ ನಮಸ್ಕಾರ ಮೇಷ್ಟ್ರೇ ಎನ್ನುತ್ತಾರೆ, ನಾನು ಮತ್ತೆ —

ರಾಮನಗರದ ಡಾಕ್ಟರು ನಿಮ್ಮ ಕಿವಿಗೆ ಏನೂ ಆಗಿಲ್ಲ ಎಂದರು. ಆಮೇಲೆ ನೀವು ನಿಮ್ಮ ಬುದ್ಧಿಯನ್ನೇ ಅನುಮಾನಿಸತೊಡಗಿದಿರಿ. ಸೊಂಟ ಕೂಡಿದ ಮೇಲೆ ಮತ್ತೆ ಹಿಡಿದಿದ್ದ ಹಾಲಿನ ಡೈರಿಯ ಲೆಕ್ಕ ಬರೆಯುವ ಕೆಲಸವನ್ನೂ ಈಗ ಬಿಡುತ್ತೀರಂತೆ. ನಿನ್ನೆ ನನ್ನ ಕೈ ಹಿಡಿದುಕೊಂಡು ಹೇಳಿದಿರಿ: “ನನ್ ತಲೆ ಮೇಲೆ ನಂಗೇ ನಂಬ್ಕೆ ಇಲ್ಲ. ಯಾರಾದ್ರೂ ಏನಾದ್ರೂ ಹೇಳೋವಾಗ ಒಸಿ ಪಕ್ಕದಲ್ಲಿರಿ ಮೇಷ್ಟ್ರೇ.”

ಆಗಲೂ ತಲೆಯಾಡಿಸಿದೆ.

ಕೆಲಸ ಬಿಡಬೇಡಿ. ನಿಮ್ಮ ಕಿವಿಯೂ ಸರಿ, ಬುದ್ಧಿಯೂ ಸರಿ. ನಾಳೆ ಬೆಳಿಗ್ಗೆ ಡೈರಿಗೆ ಬರುತ್ತೇನೆ — ಊರವರೆಲ್ಲ ಹಾಲು ಹಾಕಲು ನಿಂತಿರುವಾಗ, ಜಯಮ್ಮನವರೂ ಇರುವಾಗ. ನಾನು ಹೇಳಿ ಮುಗಿಸಿದ ಮೇಲೆ ನಿಮಗೆ ಏನು ಅನ್ನಬೇಕೆನಿಸುತ್ತದೋ, ಅದನ್ನೂ ಎಲ್ಲರ ಎದುರಿಗೇ ಅನ್ನಿ.