ಎಲೆ ತಿಂದವನ ಕಪಾಳ

ಧೂಳಪ್ಪನ ಎಡ ಕಪಾಳ ನನಗೆ ಗೊತ್ತಿದ್ದಷ್ಟು ಅವನ ಹೆಂಡತಿಗೂ ಗೊತ್ತಿರಲಿಕ್ಕಿಲ್ಲ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಾಟಕದ ಡ್ರೆಸ್ ಬಾಡಿಗೆಗೆ ಕೊಡುವ ಅಂಗಡಿ ನನ್ನದು. ಊರೂರಿಗೆ ಹೋಗಿ ಬಣ್ಣ ಹಚ್ಚುವ ಶಂಕ್ರೆಪ್ಪನೂ ನಾನೇ. ತಿಕೋಟಾದ ಧೂಳಪ್ಪ ನನ್ನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಕಣ್ಣು ಮುಚ್ಚಿ, ಮುಖ ಒಡ್ಡಿದ್ದು ಎಷ್ಟು ಸಲವೋ ಲೆಕ್ಕವಿಟ್ಟಿಲ್ಲ. ಹಗಲು ದ್ರಾಕ್ಷಿ ತೋಟದಲ್ಲಿ ಕೂಲಿ, ಆಟವಿದ್ದ ದಿನ ನಟ. ಅವನಿಗೆ ಸಿಗುವ ಪಾತ್ರ ಒಂದೇ, ಹೊಡೆಸಿಕೊಳ್ಳುವವನದು. ಗೌಡನ ಚಾಟಿ, ಫೌಜದಾರನ ಲಾಠಿ, ಅತ್ತೆಯ ಕಸಬರಿಗೆ, ಹೆಂಡತಿಯ ಚಪ್ಪಲಿ, ಯಾವುದೂ ಬಾಕಿ ಇಲ್ಲ. ಕೊಡಲಿಯಿಂದ ಕೊಚ್ಚಿಸಿಕೊಂಡಿದ್ದಾನೆ, ಕುತ್ತಿಗೆ ಹಿಸುಕಿಸಿಕೊಂಡಿದ್ದಾನೆ. ಬಣ್ಣಕ್ಕೆ ಕೂರುವಾಗ "ಈ ಹೊತ್ತು ಯಾರ ಕೈಲೆ ಸಾಯ್ಬೇಕ್ರಿ ಅಣ್ಣಾರ?" ಎಂದು ಕೇಳುವುದು ಅವನ ರೂಢಿ.

ಆದರೆ ಇಷ್ಟು ವರ್ಷದಲ್ಲಿ ಒಂದು ಪೆಟ್ಟೂ ಅವನ ಮೈಗೆ ತಾಗಿಲ್ಲ. ಎದುರಿನವನ ಕೈ ಬೀಸಿ ಬಂದು ಕಪಾಳದ ಹತ್ತಿರ ನಿಂತುಬಿಡಬೇಕು. ಅದೇ ಹೊತ್ತಿಗೆ ಧೂಳಪ್ಪ ಸೊಂಟದ ಕೆಳಗೆ ತನ್ನ ಎರಡೂ ಅಂಗೈ ಬಡಿದು ಛಟ್ ಎನ್ನಿಸುತ್ತಿದ್ದ. ಹಾಗೇ ಗಿರಕಿ ಹೊಡೆದು ಬಿದ್ದು, ದವಡೆಯಲ್ಲಿಟ್ಟ ಎಲೆ-ಅಡಿಕೆಯ ರಸ ತುಟಿಯಿಂದ ಇಳಿಬಿಟ್ಟನೆಂದರೆ ಮಂದಿ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

ಎಲೆಯ ವಿಷಯ ಹೇಳಲೇಬೇಕು. ನಮ್ಮ ತಂಡಗಳಲ್ಲಿ ಪರದೆ ಎಳೆಯುವ ಮೊದಲು ಹೊಡೆಯುವವನು ಹೊಡೆಸಿಕೊಳ್ಳುವವನಿಗೆ ಎಲೆ-ಅಡಿಕೆ ಕೊಡುತ್ತಾನೆ. "ಕೈ ನಂದು, ಕಪಾಳ ನಿಂದು, ಮುಟ್ಟಿದ್ರ ಪಾಪ ನಂದು" ಅನ್ನಬೇಕು. ಎಲೆ ತಿಂದವನು ಹೊಡೆಸಿಕೊಳ್ಳುವವನು, ಎಲೆ ಕೊಟ್ಟವನು ಮಾತಿಗೆ ಕಟ್ಟುಬಿದ್ದವನು. ಕುಡಿದು ಬಂದ ನಟರು ಮಾತು ಮರೆತದ್ದನ್ನು ನೋಡಿದ್ದೇನೆ, ಎಲೆ ಮರೆತದ್ದನ್ನು ನೋಡಿಲ್ಲ.

ಧೂಳಪ್ಪನ ಆಟ ನೋಡಿ ನಗದವಳು ಅವನ ಹೆಂಡತಿ ಹುಲಿಗೆವ್ವ ಒಬ್ಬಳೇ. ಹೆಂಗಸರ ಸಾಲಿನಲ್ಲಿ ಸೆರಗು ಬಿಗಿದು, ಮುಖ ಗಂಟಿಕ್ಕಿ ಕೂತಿರುತ್ತಿದ್ದಳು. "ಸುಳ್ಳ ಹೊಡತ ಐತಿ, ನಗಬೇ ತಂಗಿ" ಎಂದು ನಾನು ಒಮ್ಮೆ ಕಾಡಿಸಿದೆ. "ಸುಳ್ಳ ಇರ್ಲಿ, ಖರೇ ಇರ್ಲಿ, ಗಂಡ ನೆಲಕ್ಕ ಬಿದ್ರ ನಗಾಕ ನಾ ಏನ್ ಹುಚ್ಚಿ ಅದೀನೇನ್ರಿ?" ಅಂದಳು.

ಇಂಥ ಪಾತ್ರವನ್ನೇ ಯಾಕೆ ಹಿಡಿದ ಎಂಬುದು ನನಗೆ ತಿಳಿದದ್ದು ಬಬಲೇಶ್ವರದಲ್ಲಿ, ಒಂದು ಆಟದ ಸಂಜೆ ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯುವಾಗ. ಅವನು ಲೋಟ ಹಿಡಿದುಕೊಂಡು ರಸ್ತೆಯಾಚೆಯ ಖಾಲಿ ಜಾಗ ನೋಡುತ್ತಿದ್ದ.

"ಅಲ್ಲಿ ಮೊದ್ಲ ಒಂದು ಹೋಟೆಲ್ ಇತ್ರಿ ಅಣ್ಣಾರ. ಈಗ ಇಲ್ಲ. ನಮ್ಮಪ್ಪ ದಣದು ಬಂದು ಅದರ ಬಾಕಿನ ಮ್ಯಾಲೆ ಕುಂತ. ನಮ್ಮಂಥವ್ರು ಹೊರಗ ನಿಂದ್ರಬೇಕಿತ್ತು. ಒಬ್ಬ ಬಂದು ಅವನ ಕಪಾಳಕ್ಕ ಹೊಡದ. ಆಮ್ಯಾಲೆ ಕಾಲಾಗಿನ ಕೆರ ತಗದ. ಚಾ ಕುಡ್ಯಾಕತ್ತವ್ರೆಲ್ಲ ನಕ್ರು."

"ನಿಮ್ಮಪ್ಪ ಏನ್ ಮಾಡಿದ್ನೋ?"

"ಅವನೂ ನಕ್ಕ. ಮೂಗಿನ್ಯಾಗ ರಗತ, ಬಾಯಾಗ ನಗಿ. ನಕ್ರ ಬಿಡ್ತಾರ ಅಂತ ತಿಳದಿರಬೇಕು. ನಾ ಅವನ ಧೋತರ ಹಿಡಕೊಂಡು ನಿಂತಿದ್ದೆ. ಅವತ್ತ ಅನಕೊಂಡೆನ್ರಿ, ನನ್ನ ಕಪಾಳಕ್ಕ ಯಾವನ ಕೈನೂ ಮುಟ್ಟಬಾರ್ದು."

"ಮತ್ತ ಈ ದರಿದ್ರ ಪಾರ್ಟ್ ಯಾಕ ಮಾಡ್ತಿ ಮಾರಾಯ?"

"ಮಂದಿಗೆ ಇನ್ನೊಬ್ಬ ಬಿದ್ರ ನಗಿ ಬರತೈತಲ್ರಿ, ಅದನ್ನ ನೀವೂ ತಪ್ಪಸಾಕಾಗಂಗಿಲ್ಲ, ನಾನೂ ತಪ್ಪಸಾಕಾಗಂಗಿಲ್ಲ. ಆದ್ರ ಹೊಡತ ಬೀಳಲಾರದನೂ ನಗಬಹುದು ಅಂತ ತೋರಸ್ತೇನಿ. ಅಷ್ಟ." ಲೋಟ ತೊಳೆದಿಟ್ಟು ಬಣ್ಣಕ್ಕೆ ಎದ್ದ. ನನಗೆ ಆ ದಿನ ಅವನ ಮುಖಕ್ಕೆ ಬಣ್ಣ ಹಚ್ಚಲು ಕೈ ಬರಲಿಲ್ಲ, ಸುಮ್ಮನೆ ಪೌಡರ್ ಬಡಿದು ಕಳಿಸಿದೆ.

ಹೋದ ವರ್ಷ ಅರುಣಕುಮಾರ ಬಂದ. ಅಥಣಿ ರಸ್ತೆಯ ಹೊಸ ಬಡಾವಣೆಯ ಹುಡುಗ, ಮದುವೆಗಳ ವಿಡಿಯೋ ಮಾಡುತ್ತ ಮಾಡುತ್ತ ಸಿನೆಮಾ ಹುಚ್ಚು ತಲೆಗೇರಿಸಿಕೊಂಡವನು. ಧೂಳಪ್ಪನ ಆಟವೊಂದನ್ನು ನೋಡಿ ಬೆನ್ನು ಹತ್ತಿದ್ದ. ಅವನ ಸಿನೆಮಾದ ಕಥೆ ಇಷ್ಟು: ಟಿವಿಯಲ್ಲಿ ಮಾತುಕತೆ ನಡೆಸುವ ಒಬ್ಬ ಬಾಯಿಹರಕ. ಅತಿಥಿಗಳನ್ನು ಕರೆದು ಕೂರಿಸಿ, ಅವರ ಮಾನ ಹರಾಜು ಹಾಕಿ, ತಲೆಯ ಮೇಲೆ ಮಜ್ಜಿಗೆ ಸುರಿದು, ಕೊನೆಗೆ ಕಪಾಳಕ್ಕೆ ಬಿಗಿದು "ಬ್ರೇಕ್ ಆದಮ್ಯಾಲೆ ಇನ್ನೊಂದು!" ಎಂದು ಕೂಗುತ್ತಾನೆ. "ಟಿವಿ ಮಂದಿನ್ನ ಗೇಲಿ ಮಾಡೂ ಕಾಮಿಡಿ ಪಿಕ್ಚರ್ ಐತ್ರಿ ಕಾಕಾ" ಎಂದ. ಗೇಲಿ ಮಾಡಲು ಹೋಗಿ ಅದನ್ನೇ ಮಾಡುವವರು ಬಹಳ ಇರುತ್ತಾರೆ.

ಹೊಡೆಸಿಕೊಳ್ಳುವ ಅತಿಥಿ ಧೂಳಪ್ಪ, ಆ ಬಾಯಿಹರಕನ ಪಾತ್ರಕ್ಕೆ ಮುತ್ತು. ಸಂತೆಯಲ್ಲಿ ಗುರುತಿಲ್ಲದವರ ಬೆನ್ನಿಗೆ ಗುದ್ದಿ, ಅವರು ತಿರುಗಿ ನೋಡಿದರೆ "ಕ್ಯಾಮೆರಾ ಅಲ್ಲೈತಿ ನೋಡ್ರಿ" ಎಂದು ಹಲ್ಲು ಕಿರಿಯುವ ವಿಡಿಯೋಗಳಿಂದ ಹೆಸರು ಮಾಡಿದವನು. ಅವನ ಕೈ ನೋಡಿಯೇ ನನಗೆ ಮೈ ಉರಿಯಿತು, ದಪ್ಪ ಉಂಗುರಗಳು.

ತೊರವಿಯ ಹೊರಗಿನ ಒಂದು ಕಲ್ಯಾಣ ಮಂಟಪದಲ್ಲಿ ಶೂಟಿಂಗ್, ಬಣ್ಣಕ್ಕೆ ನಾನೇ. ಟಿವಿ ಕಾರ್ಯಕ್ರಮದ ಪ್ರೇಕ್ಷಕರೆಂದು ತಿಕೋಟಾದ ತೋಟಗಳಿಂದ ಹೆಂಗಸರನ್ನು ಟೆಂಪೋದಲ್ಲಿ ತಂದು ಕೂರಿಸಿದ್ದರು. ಅವರಲ್ಲಿ ಹುಲಿಗೆವ್ವನೂ ಇದ್ದಳು. ಅರುಣಕುಮಾರ ಕೆಂಪು ಟವೆಲ್ ಎತ್ತಿದಾಗ ನಗಬೇಕು, ಅದೇ ಅವರ ಕೆಲಸ.

ಧೂಳಪ್ಪ ಪದ್ಧತಿ ಬಿಡಲಿಲ್ಲ. ಮುತ್ತುವಿಗೆ ಏನೂ ಗೊತ್ತಿರಲಾರದೆಂದು ತಾನೇ ಎಲೆ-ಅಡಿಕೆ ತಂದು ಅವನ ಕೈಗಿಟ್ಟ. "ತಮ್ಮಾ, ಇದನ್ನ ನನಗ ಕೊಡು. ಕೊಟ್ಟು, ಮುಟ್ಟಿದ್ರ ಪಾಪ ನಂದು ಅನ್ನು" ಎಂದು ಹೇಳುವಷ್ಟರಲ್ಲಿ ಮುತ್ತು ಎಲೆಯನ್ನು ಮಡಚಿ ಗಬಕ್ಕನೆ ತನ್ನ ಬಾಯಿಗೇ ಹಾಕಿಕೊಂಡ. ಕಚಕಚ ಅಗಿಯುತ್ತ "ಭಾರಿ ಐತಿ ಕಾಕಾ, ಇನ್ನೊಂದು ಐತೇನು?" ಎಂದ. ನಾನು ಜೋರಾಗಿ ನಕ್ಕೆ. ಧೂಳಪ್ಪ ನಗಲಿಲ್ಲ, ಸಾಲಿನಿಂದ ನೋಡುತ್ತಿದ್ದ ಹುಲಿಗೆವ್ವನೂ ನಗಲಿಲ್ಲ. ಮೊದಲಿನಿಂದ ಶುರು ಮಾಡಲು ಬೇರೆ ಎಲೆ ಇರಲಿಲ್ಲ, ಅರುಣಕುಮಾರ "ಟೈಮ್ ಇಲ್ಲ" ಎಂದು ಕೂಗುತ್ತಿದ್ದ.

ಮೊದಲ ಸಲ ಮುತ್ತು ಕೈ ಬೀಸಿದ. ಧೂಳಪ್ಪ ಛಟ್ ಎನ್ನಿಸಿ, ಕುರ್ಚಿಯ ಸಮೇತ ಹಿಂದಕ್ಕೆ ಮಗುಚಿ, ಕಾಲು ಮೇಲೆ ಮಾಡಿ, ಕಳಚಿ ಹಾರಿದ ಬೂಟು ಹುಡುಕಿದ. ಟವೆಲ್ ಏಳುವ ಮೊದಲೇ ಹೆಂಗಸರು ಬಿದ್ದು ಬಿದ್ದು ನಕ್ಕರು. ಎರಡನೆಯ ಸಲವೂ ಹಾಗೇ. ಕ್ಯಾಮೆರಾದವನೂ ನಕ್ಕ. ಯಾರೂ ಮುತ್ತುವನ್ನು ನೋಡುತ್ತಿರಲಿಲ್ಲ. ಹೀರೋ ಅವನು, ನಗು ಇವನಿಗೆ. ಮುತ್ತುವಿನ ದವಡೆ ಬಿಗಿದದ್ದು ನನಗೆ ಕಂಡಿತು. ಮುಖ ಓದುವುದೇ ನನ್ನ ಕಸುಬು.

ಮೂರನೆಯ ಸಲ ಕೈ ನಿಲ್ಲಲಿಲ್ಲ.

ಧೂಳಪ್ಪನ ಅಂಗೈಗಳ ಸದ್ದು ಕೇಳಿಸಲೇ ಇಲ್ಲ, ಅದನ್ನು ಮುಚ್ಚಿ ಹಾಕುವ ಸದ್ದೊಂದು ಬಂತು. ಉಂಗುರ ಕಪಾಳದ ಎಲುಬಿಗೆ ಹತ್ತಿ ಚರ್ಮ ಹರಿಯಿತು. ತಲೆ ಮೇಜಿನ ಅಂಚಿಗೆ ಬಡಿಯಿತು. ಅವನು ಏಳಲು ಮಂಡಿಯೂರಿದಾಗ ಮುತ್ತು ಮತ್ತೊಂದು ಬಿಟ್ಟ, ಕಿವಿಯ ಮೇಲೆ. ಬಾಯಿಂದ ರಕ್ತ ಸುರಿದು ಬಿಳಿ ಅಂಗಿ ತೊಯ್ದಿತು. ಹೆಂಗಸರು ಹಿಂದೆಂದೂ ನಕ್ಕಿರದಷ್ಟು ನಕ್ಕರು. ಅವರ ಲೆಕ್ಕದಲ್ಲಿ ಅದು ಎಲೆಯ ರಸ.

ಧೂಳಪ್ಪ ಆ ಹೆಂಗಸರ ಕಡೆ ತಿರುಗಿ ನಕ್ಕ. ಒಡೆದ ತುಟಿಯಿಂದ, ಹಲ್ಲೆಲ್ಲ ಕೆಂಪಾಗಿ, ನಕ್ಕ. ಅದು ನಟನೆಯಾಗಿರಲಿಲ್ಲ. ಬಬಲೇಶ್ವರದ ಬಾಕಿನ ಮೇಲೆ ಅವನಪ್ಪ ನಕ್ಕದ್ದನ್ನು ನಾನು ಕಂಡವನಲ್ಲ, ಆದರೆ ಆ ನಗು ಹೇಗಿತ್ತೆಂದು ಅವತ್ತು ಕಂಡೆ.

"ಕಟ್! ಸೂಪರ್!" ಅರುಣಕುಮಾರ ಕುಣಿದಾಡಿದ. "ಧೂಳಪ್ಪ ಕಾಕಾ, ಇನ್ನೊಂದು ಟೇಕ್ ಇದ ಥರಾ ಮಾಡೂಣು!"

ಹೆಂಗಸರ ನಡುವಿನಿಂದ ಹುಲಿಗೆವ್ವ ಎದ್ದಳು. "ನಗಬ್ಯಾಡ್ರಬೇ! ಎಲಿ ತಿಂದಿಲ್ಲ ನನ್ನ ಗಂಡ! ಎಲಿ ಆ ಭಾಡ್ಯಾ ತಿಂದಾನ! ಇದು ರಗತ ಐತಿ!" ಎಂದು ಕಿರುಚಿದಳು. ಮಂಟಪದಲ್ಲಿ ನಗು ತಟ್ಟನೆ ನಿಂತಿತು.

ಆ ಕೂಗಿನಿಂದಲೇ ಧೂಳಪ್ಪನಿಗೆ ತನ್ನ ಮುಖದ ಮೇಲೆ ನಗು ಇರುವುದು ಗೊತ್ತಾಯಿತೆಂದು ಕಾಣುತ್ತದೆ. ತುಟಿ ಮುಟ್ಟಿ ನೋಡಿಕೊಂಡ. ಮುರಿದ ಹಲ್ಲೊಂದನ್ನು ಅಂಗೈಗೆ ಉಗುಳಿ ಕಿಸೆಯಲ್ಲಿಟ್ಟ. "ಹೌದಲ್ಲ. ಎಲಿ ತಿಂದವ ಅವ ಅದಾನ" ಎಂದ, ತನ್ನಷ್ಟಕ್ಕೇ. ನಂತರ ಎರಡು ಹೆಜ್ಜೆ ಮುಂದೆ ಬಂದು ಮುತ್ತುವಿನ ಕಪಾಳಕ್ಕೆ ಹೊಡೆದ.

ದ್ರಾಕ್ಷಿ ಚಪ್ಪರದ ಕಲ್ಲುಕಂಬ ಹೊತ್ತು ನೆಟ್ಟ ಕೈ ಅದು. ಮುತ್ತು ಮೇಜಿನ ಮೇಲೆ ಹಾರಿ ಬಿದ್ದ. ಮೈಕು ಮುರಿಯಿತು. ಕಾಲರ್ ಹಿಡಿದೆತ್ತಿ ಇನ್ನೊಂದು, ಗೋಡೆಗೆ ಒತ್ತಿ ಮತ್ತೊಂದು. ಮುತ್ತುವಿನ ಮೂಗು ಒಡೆಯಿತು. "ಕ್ಯಾಮೆರಾ ಅಲ್ಲೈತಿ, ನೋಡು! ನೋಡ್ಲೇ!" ಎಂದು ಧೂಳಪ್ಪ ಅವನ ಜುಟ್ಟು ಹಿಡಿದು ಮುಖ ತಿರುಗಿಸಿದ. ಕೈಯಲ್ಲಿ ಕುರ್ಚಿಯ ಮುರಿದ ಕಾಲು ಬಂದಾಗ ನಾನು ಹೋಗಿ ತಬ್ಬಿ ಹಿಡಿದೆ. ಒಂದು ಗಳಿಗೆ ತಡವಾಗಿದ್ದರೆ ಕೊಲೆಯಾಗುತ್ತಿತ್ತು, ಸುಳ್ಳಲ್ಲ. "ನಕ್ಕೆನ್ರಿ ಅಣ್ಣಾರ. ನಾನೂ ನಕ್ಕೆ" ಎಂದಷ್ಟೇ ಹೇಳುತ್ತಿದ್ದ.

ಪೊಲೀಸರವರೆಗೆ ಯಾರೂ ಹೋಗಲಿಲ್ಲ. ಕಟ್ ಅಂದಮೇಲೂ ಕ್ಯಾಮೆರಾ ನಿಲ್ಲಿಸಿರಲಿಲ್ಲ, ಎರಡೂ ಕಡೆಯ ರಕ್ತ ಅದರಲ್ಲಿತ್ತು. ಧೂಳಪ್ಪನ ಎಡಗಿವಿ ಅವತ್ತೇ ಕೆಪ್ಪಾಯಿತು. ಸಿನೆಮಾ ಮಾತ್ರ ಬಂತು. ಅರುಣಕುಮಾರ ಹುಲಿಗೆವ್ವನ ಕೂಗನ್ನೂ ಮುತ್ತು ತಿಂದ ಪೆಟ್ಟನ್ನೂ ಕತ್ತರಿಸಿ, ಧೂಳಪ್ಪನಿಗೆ ಬಿದ್ದ ಎರಡು ಪೆಟ್ಟು ಮತ್ತು ಆ ನಗುವನ್ನು ಉಳಿಸಿಕೊಂಡಿದ್ದ. ಅಷ್ಟು ತುಣುಕು ತಿಕೋಟಾದಿಂದ ಅಥಣಿಯವರೆಗೆ ಎಲ್ಲರ ಫೋನಿನಲ್ಲಿ ಓಡಾಡಿತು. ಅಂಗಡಿಗೆ ಬಂದ ಗಿರಾಕಿಗಳು ನನಗೇ ತೋರಿಸಿ ನಗುತ್ತಿದ್ದರು. ಇಬ್ಬರನ್ನು ಬೈದು ಹೊರಗೆ ಕಳಿಸಿದೆ, ಮೂರನೆಯವನಿಗೆ ಡ್ರೆಸ್ ಕೊಡಲಿಲ್ಲ.

ಮುಂದಿನ ಆಟ ಬಬಲೇಶ್ವರದಲ್ಲಿತ್ತು. ಧೂಳಪ್ಪ ಬರಲಾರನೆಂದುಕೊಂಡಿದ್ದೆ, ಬಂದ. ಕಪಾಳದ ಗಾಯದ ಗುರುತಿನ ಮೇಲೆ ನಾನು ಬಣ್ಣ ದಪ್ಪಗೆ ಹಚ್ಚಿದೆ. ಫೌಜದಾರನ ಪಾತ್ರದ ಲಾಡಲೇಸಾಬ ಎಲೆ ಕೊಟ್ಟು, ತಪ್ಪದೆ ಮಾತು ಹೇಳಿದ. ಲಾಡಲೇಸಾಬನ ಕೈ ಬೀಸಿ ಬಂದು ನಿಂತಿತು. ಛಟ್ ಎಂದಿತು. ಧೂಳಪ್ಪ ಗಿರಕಿ ಹೊಡೆದು ಬಿದ್ದ.

ಯಾರೂ ನಗಲಿಲ್ಲ. ಹಿಂದಿನಿಂದ ಒಬ್ಬ ಕೂಗಿದ, "ಸುಳ್ಳ ಐತ್ರೋ! ಪಿಕ್ಚರ್‌ನ್ಯಾಗ ಹೊಡದಂಗ ಖರೇ ಹೊಡೀರಿ!" ಅವನ ಹಿಂದೆ ಹತ್ತಾರು ಜನ "ಖರೇ ಹೊಡೀರಿ, ಖರೇ ಹೊಡೀರಿ" ಎಂದು ಚಪ್ಪಾಳೆ ತಟ್ಟಿದರು. ಲಾಡಲೇಸಾಬ ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ನನ್ನ ಕಡೆ ನೋಡಿದ.

ಧೂಳಪ್ಪ ಎದ್ದ. ಪರದೆಯ ಹಿಂದೆ ಬಂದು ಎಲೆ-ಅಡಿಕೆಯ ತಾಟು ತೆಗೆದುಕೊಂಡು ರಂಗದ ಅಂಚಿಗೆ ಹೋಗಿ ನಿಂತ. ತಾಟನ್ನು ಮಂದಿಯತ್ತ ಚಾಚಿದ.

"ಖರೇ ಹೊಡತ ನೋಡ್ಬೇಕಂದವ್ರು ಬರ್ರೆಪಾ. ಎಲಿ ತಗೋರಿ. ನಿಮ್ಮ ಕಪಾಳ ಕೊಡ್ರಿ, ಹೊಡೀತೀನಿ. ಚಂದಾಗಿ ನಗೂಣಂತ. ಯಾರ್ ಬರ್ತೀರಿ?"

ಕೂಗುತ್ತಿದ್ದವರು ಸುಮ್ಮನಾದರು. ತಾಟು ಹಾಗೇ ಚಾಚಿಕೊಂಡು ಅವನು ಬಹಳ ಹೊತ್ತು ನಿಂತ. ಒಬ್ಬನೂ ಏಳಲಿಲ್ಲ.

ಅವನು ಆ ಎಲೆಯನ್ನು ತಾನೇ ಬಾಯಿಗೆ ಹಾಕಿಕೊಂಡು, ತಾಟು ಕೆಳಗಿಟ್ಟು, ಲಾಡಲೇಸಾಬನ ಮುಂದೆ ಹೋಗಿ ಕಪಾಳ ಒಡ್ಡಿದ. ಕೈ ಬಂತು, ನಿಂತಿತು. ಅಂಗೈಗಳು ಬಡಿದವು. ಅವನು ಬಿದ್ದ. ಕೆಂಪು ರಸ ತುಟಿಯಿಂದ ಇಳಿಯಿತು. ಮಂದಿ ನಗಲಿಲ್ಲ. ಇನ್ನು ಮುಗಿಯಿತು ಇವನ ಕಸುಬು ಎಂದು ನಾನು ಕಣ್ಣು ಮುಚ್ಚಿದೆ.

ಆಗ ಹೆಂಗಸರ ಸಾಲಿನಿಂದ ಒಬ್ಬಳ ನಗು ಕೇಳಿತು. ಗಟ್ಟಿಯಾದ, ಕೆಟ್ಟ, ಎಳೆದೆಳೆದು ತಂದ ನಗು. ಪರದೆ ಸರಿಸಿ ನೋಡಿದೆ. ಹುಲಿಗೆವ್ವ ಎರಡೂ ಕೈಯಿಂದ ತೊಡೆ ಬಡಿದುಕೊಂಡು ನಗುತ್ತಿದ್ದಳು. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ. ಪಕ್ಕದವಳು ನಕ್ಕಳು. ಅವಳ ಪಕ್ಕದವಳೂ ನಕ್ಕಳು.

ಒಳಗೆ ಬಂದ ಧೂಳಪ್ಪ ತನ್ನ ಬಲಗಿವಿಯನ್ನು ಪರದೆಗೆ ಹಚ್ಚಿ ನಿಂತ. "ಯಾರ್ರಿ ಅಣ್ಣಾರ ಮೊದ್ಲ ನಕ್ಕಾಕಿ?" ಎಂದು ಕೇಳಿದ.

"ನಿನ್ನ ಹೆಂಡ್ತಿ" ಎಂದೆ.