ತುದಿ ಮುರಿದ ಬೆಂಡೆಕಾಯಿ

ಹೊಸ ರಾಜಧಾನಿಯ ಮಾತೇ ಊರೆಲ್ಲ ಇದ್ದ ವರ್ಷಗಳಲ್ಲಿ ಬ್ಯಾಂಕಿನವರು ನನ್ನನ್ನು ವಿಜಯವಾಡಕ್ಕೆ ವರ್ಗ ಮಾಡಿದ್ದರು. ಮನೆಯ ಹಿಂದೆಯೇ ರೈತು ಬಜಾರ್. ಬೆಳಿಗ್ಗೆ ಆರಕ್ಕೇ ಹೋಗಿ ಒಂದೊಂದೇ ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿದ್ದೆ. ಟಕ್ಕೆಂದರೆ ಎಳೆಯದು, ನನ್ನ ಚೀಲಕ್ಕೆ. ಬಾಗಿದರೆ ಬಲಿತದ್ದು, ಅಲ್ಲೇ ಬಿಡುತ್ತಿದ್ದೆ. ಅಮ್ಮ ಕಲಿಸಿದ ಈ ಜಾಣತನದ ಬಗ್ಗೆ ನನಗೆ ಜಂಬವೂ ಇತ್ತು.

ಅಡುಗೆಯಾಕೆ ಆಟೋನಗರದ ಆಚೆಯಿಂದ ಬರುತ್ತಿದ್ದಳು. ಅವಳ ಕೇರಿಯಲ್ಲಿ ಒಳ್ಳೆಯ ತರಕಾರಿ ಸಿಗುತ್ತಿರಲಿಲ್ಲ.

“ಭಾನುವಾರ ಸ್ವಲ್ಪ ಲೇಟಾಗಿ ಬರ್ಲಾ ಅಮ್ಮಗಾರೂ? ಮೊದ್ಲು ಬಜಾರಿಗೆ ಹೋಗ್ತೀನಿ,” ಎಂದು ನಮ್ಮ ಮನೆಯಲ್ಲಿ ಕಲಿತ ಕನ್ನಡದಲ್ಲಿ ಕೇಳಿದಳು.

“ಮತ್ತೆ ತಿಂಡಿ ಯಾರು ಮಾಡೋದು? ಕೆಲಸ ಮುಗಿಸಿ ಹೋಗು,” ಎಂದುಬಿಟ್ಟೆ.

ಆ ಭಾನುವಾರ ಮಧ್ಯಾಹ್ನ, ಮರೆತ ಕೊಡೆಗಾಗಿ ಬಜಾರಿನಿಂದ ನಮ್ಮ ಮನೆಗೆ ಮರಳಿದಳು. ಚೀಲದ ತುಂಬ ಬೆಂಡೆಕಾಯಿ. ಒಂದೊಂದರ ತುದಿಯೂ ಬಾಗಿ ಜೋತುಬಿದ್ದಿತ್ತು.

“ನಾನು ಹೋಗೋ ಟೈಮಿಗೆ ಇವೇ ಇರೋದಮ್ಮಾ. ಬೆಳಿಗ್ಗೆ ಬಂದೋರು ಮುರಿದು ನೋಡಿ ಬಿಟ್ಟೋಗಿದ್ದು,” ಎಂದಳು. ದೂರುವ ದನಿಯೇ ಅಲ್ಲ.

ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು. ಮುಂದಿನ ಭಾನುವಾರವೂ ಅವಳು ಏಳಕ್ಕೇ ಬಂದಳು. ನಾನು ಆಗಷ್ಟೇ ಬಜಾರಿನಿಂದ ಬಂದಿದ್ದೆ. ಆರಿಸಿ ತಂದ ಎಳೆಯ ಬೆಂಡೆಕಾಯಿಗಳನ್ನು ಅವಳ ಮುಂದಿಟ್ಟು, ಸಣ್ಣಗೆ ಹೆಚ್ಚು ಎಂದೆ.