ಟಚಿಂಗ್ ಅಕ್ಕನ ಹೊಸ ಪೆನ್ನು

ಬೆಳಗಿನ ಐದೂವರೆ. ಅಡುಗೆಮನೆಯ ಮೇಜಿನ ಮೇಲೆ ಹಳೆಯ ಲ್ಯಾಪ್‌ಟಾಪು, ಅದರ ಮುಂದೆ ಸ್ಲೇಟಿನಷ್ಟಗಲದ ಕಪ್ಪು ಹಲಗೆ. ಅರವತ್ತಾರರ ಹೆಂಗಸೊಬ್ಬರು ಕಿರುಬೆರಳನ್ನು ಹಲಗೆಗೆ ಊರಿ, ಉಸಿರು ಬಿಗಿಹಿಡಿದು, ಹಲಗೆಯ ಮೇಲೆ ಪೆನ್ನಾಡಿಸಿ ಪರದೆಯ ಮೇಲಿನ ಮುಖಕ್ಕೆ ಚುಕ್ಕಿ ಇಡುತ್ತಾರೆ. ನಡುನಡುವೆ ಪೆನ್ನಿನ ಮೊನೆ ನಾಲಿಗೆಯತ್ತ ಹೋಗುತ್ತದೆ; ಕುಂಚವಲ್ಲ, ಪ್ಲಾಸ್ಟಿಕ್ಕು ಎಂದು ನೆನಪಾಗಿ ಅರ್ಧ ದಾರಿಯಲ್ಲೇ ವಾಪಸಾಗುತ್ತದೆ.

ಬೀದಿಯವರಿಗೆಲ್ಲ ಇವರು ಟಚಿಂಗ್ ಅಕ್ಕ. ಮೂವತ್ತೊಂದು ವರ್ಷ ಫೋಟೊ ಸ್ಟುಡಿಯೊದ ಹಿಂಕೋಣೆಯಲ್ಲಿ ಕೂತು ನೆಗೆಟಿವ್ ತಿದ್ದಿದವರು; ಸ್ಟುಡಿಯೊದವರ ಬಾಯಲ್ಲಿ ಅದೇ 'ಟಚಿಂಗ್'. ಮುಂದಿನ ಕೋಣೆಯಲ್ಲಿ ಪೌಡರ್ ಹಚ್ಚಿಕೊಂಡು ಕೂತವರು ಯಾರೂ ಇವರನ್ನು ಕಂಡಿಲ್ಲ. ಇವರು ಮಾತ್ರ ಎಲ್ಲರನ್ನೂ ಕಂಡಿದ್ದಾರೆ, ಅದೂ ಕೂದಲು ಬಿಳಿ, ಹಲ್ಲು ಕಪ್ಪಾಗಿ. "ಯಾರ ಮುಖದಲ್ಲಿ ಎಲ್ಲಿ ಮೊಡವೆ ಇತ್ತು ಅಂತ ಈಗ್ಲೂ ಬಾಯಿಪಾಠ. ಯಾರಿಗೂ ಹೇಳಲ್ಲ ಬಿಡಿ," ಎಂದು ನಗುತ್ತಾರೆ.

ದಿನಕ್ಕೆ ನಲವತ್ತು ನೆಗೆಟಿವ್. ಮದುವೆ ಕಾಲದಲ್ಲಿ ಎಪ್ಪತ್ತು. ಮರಳು ಕಾಗದಕ್ಕೆ ಉಜ್ಜಿ ಪೆನ್ಸಿಲ್ಲನ್ನು ಸೂಜಿಯಂತೆ ಮಾಡಿಕೊಳ್ಳಲು ಬೆಳಗಿನ ಅರ್ಧ ಗಂಟೆ ಮೀಸಲು. ಡಿಜಿಟಲ್ ಕ್ಯಾಮೆರಾ ಬಂತು, ಹಿಂಕೋಣೆಗೆ ಬೀಗ ಬಿತ್ತು. ಕೆಲವು ವರ್ಷಗಳಲ್ಲಿ ಸ್ಟುಡಿಯೊ ಮಾಲೀಕರೂ ಹೋದರು. ಆಮೇಲೆ ಹವ್ಯಾಸಕ್ಕೆಂದು ನೆಂಟರ ಹಳೆಯ ಫೋಟೊಗಳನ್ನು ಕಂಪ್ಯೂಟರಿನಲ್ಲಿ ತಿದ್ದಲು ಕೂತರೆ ಮೌಸು ಮಾತು ಕೇಳಲಿಲ್ಲ. "ಸೋಪು ಹಿಡ್ಕೊಂಡು ಕಸೂತಿ ಹಾಕ್ದಂಗೆ ಆಗ್ತಿತ್ತು. ಮಾಡಿದಷ್ಟು ಸಾಕು ಅಂತ ಬಿಟ್ಟೆ."

ಬಿಟ್ಟದ್ದನ್ನು ಮತ್ತೆ ಹಿಡಿಸಿದವರು ಮಾಲೀಕರ ಹೆಂಡತಿ. ಸಾವಿರಾರು ಜನರ ಫೋಟೊ ತೆಗೆದ ಮನುಷ್ಯನದು ಮನೆಯಲ್ಲಿರುವುದು ಒಂದೇ ಫೋಟೊ. ಅದೂ ಸೋರುವ ಮಾಡಿನ ಕೆಳಗೆ ಸಿಕ್ಕಿ ಕೆನ್ನೆ ತುಂಬ ಕಪ್ಪು ಕಲೆ. "ಬೇರೆಯವರಿಗೆ ಕೊಟ್ರೆ ಬೊಂಬೆ ಮಾಡಿ ಕೊಡ್ತಾರೆ ಕಣೇ. ನೀನೇ ಮಾಡು," ಎಂದು ಮೇಜಿನ ಮೇಲಿಟ್ಟು ಹೋದರು.

ಮೌಸಿನ ಬದಲು ಪೆನ್ನು ಹಿಡಿದು ತಿದ್ದುವಂಥದ್ದು ಬೇಕೆಂದು ಟಚಿಂಗ್ ಅಕ್ಕ ಕಂಪ್ಯೂಟರ್ ಅಂಗಡಿಗೆ ಹೋಗುತ್ತಾರೆ. ಅಂಗಡಿಯವನು ಪರದೆಯೇ ಇರುವ ದೊಡ್ಡ ಟ್ಯಾಬ್ಲೆಟ್ ತೋರಿಸುತ್ತಾನೆ.

"ಪೆನ್ನು ಎಷ್ಟು ಒತ್ತಿದ್ರಿ ಅಂತ ಎಂಟು ಸಾವಿರ ಮಟ್ಟದಲ್ಲಿ ಗೊತ್ತಾಗುತ್ತೆ ಅಮ್ಮಾ ಇದಕ್ಕೆ."

"ಅಷ್ಟು ಯಾಕಪ್ಪಾ? ನಂಗೆ ಮೂರು ಸಾಕು. ತಾಗಿಯೂ ತಾಗದಂಗೆ, ತಾಗಿದಂಗೆ, ಗೀರಿದಂಗೆ."

ದೊಡ್ಡದಕ್ಕೆ ಮೂರು ವೈರು. ತಿಂಡಿಯ ಹೊತ್ತಿಗೆ ಮೇಜು ಖಾಲಿ ಮಾಡಬೇಕು. ಇನ್ನೊಂದರ ಮೈ ಗಾಜಿನಂತೆ ಜಾರುತ್ತದೆ. ಕೊನೆಗೆ ಕೈಗೆ ಸಿಕ್ಕಿದ್ದು ಸಣ್ಣದು, ಪರದೆಯಿಲ್ಲದ್ದು, ಮೈ ಕಾಗದದ ಹಾಗೆ ಕೊಂಚ ತರಿತರಿ. ಆಡುವುದು ಬೆರಳು, ತೋಳಲ್ಲ. ಅವರ ಕೆಲಸಕ್ಕೆ ಅಷ್ಟಗಲ ಸಾಕು. ಏಳು ದಿನದೊಳಗೆ ವಾಪಸ್ ಕೊಡಬಹುದು ಎಂಬ ಮಾತಿನ ಮೇಲೆ ತರುತ್ತಾರೆ. ಅಷ್ಟರಲ್ಲಿ ಕೈ ಕೂಡದಿದ್ದರೆ ಹಲಗೆಯೂ ವಾಪಸ್, ಫೋಟೊವೂ ವಾಪಸ್ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ.

ಫೋಟೊವನ್ನು ಸ್ಕ್ಯಾನ್ ಮಾಡಿಸಿ ಲ್ಯಾಪ್‌ಟಾಪಿಗೆ ಹಾಕಿಸಿಕೊಂಡು ಕೂರುತ್ತಾರೆ. ಮೊದಲೆರಡು ದಿನ ಕಣ್ಣು ಪರದೆಯ ಮೇಲೆ, ಕೈ ಇನ್ನೆಲ್ಲೋ. "ಒಂದ್ನೇ ಕ್ಲಾಸಿಗೆ ಸೇರಿಸ್ದಂಗಾಯ್ತು. ಫೀಸು ಕಟ್ಬೇಕಾ?" ಎಂದು ನಿವೃತ್ತ ಬಸ್ ಮೆಕ್ಯಾನಿಕ್ಕಾದ ಗಂಡ ರೇಗಿಸುತ್ತಾರೆ. "ಫೀಸು ಬೇಡ, ಚಹಾ ಮಾಡಿ ಕೊಡಿ ಸಾಕು," ಎನ್ನುತ್ತಾರೆ ಇವರು.

ಮೂರನೆಯ ದಿನ ಕೈ ಹಿಡಿತಕ್ಕೆ ಬರುತ್ತದೆ, ಮುಖ ಮಾತ್ರ ಕೆಡುತ್ತದೆ. ಕಲೆಯ ಮೇಲೆ ಪೆನ್ನಾಡಿಸಿದಷ್ಟೂ ಕಲೆ ಇನ್ನೂ ಕಪ್ಪು! ನೆಗೆಟಿವ್‌ನಲ್ಲಿ ಕಪ್ಪು ಹಚ್ಚಿದರೆ ಪ್ರಿಂಟಿನಲ್ಲಿ ಬಿಳುಪಾಗುತ್ತದೆ. ಮೂವತ್ತೊಂದು ವರ್ಷ ಕೈ ಕಲಿತದ್ದು ಆ ಲೆಕ್ಕ. ತಲೆ ಎಷ್ಟು ಹೇಳಿದರೂ ಬೆರಳು ಕೇಳುವುದಿಲ್ಲ. ನಾಲ್ಕನೆಯ ದಿನ ಫೋಟೊವನ್ನು ಕವರಿಗೆ ಹಾಕಿ ಎತ್ತಿಡುತ್ತಾರೆ.

ಐದನೆಯ ದಿನ ಬೆಳಗ್ಗೆ ಒಂದು ಉಪಾಯ ಹೊಳೆಯುತ್ತದೆ. ಕೈ ಬದಲಾಗದಿದ್ದರೆ ಫೋಟೊ ಬದಲಾಗಲಿ! ಒಂದು ಗುಂಡಿ ಒತ್ತಿ ಚಿತ್ರವನ್ನೇ ನೆಗೆಟಿವ್ ಮಾಡುತ್ತಾರೆ. ಕೂದಲು ಬಿಳಿ, ಹಲ್ಲು ಕಪ್ಪು. ಕಪ್ಪು ಕಲೆಗಳೀಗ ಬಿಳಿ ಮಚ್ಚೆಗಳು. "ಹಿಂಕೋಣೆ ಬಾಗಿಲು ತೆಗ್ದಂಗಾಯ್ತು. ರಾಸಾಯನಿಕದ ವಾಸನೆ ಕೂಡ ಮೂಗಿಗೆ ಬಂತು, ನಿಜವಾಗ್ಲೂ." ಅಂದು ಚಹಾ ಎರಡು ಸಲ ಆರಿತು. ಕಲೆಗಳನ್ನು ಚುಕ್ಕಿ ಚುಕ್ಕಿಯಾಗಿ ತುಂಬಿದರು. ಕಣ್ಣಂಚಿನ ಸುಕ್ಕುಗಳನ್ನು ಮುಟ್ಟಲಿಲ್ಲ. ಅವು ಮಾಲೀಕರ ಸ್ವಂತದವು. ಕೊನೆಗೆ ಅದೇ ಗುಂಡಿ ಒತ್ತಿ ಚಿತ್ರವನ್ನು ಮತ್ತೆ ಸರಿಮಾಡಿದರು.

ಆರನೆಯ ದಿನ ಮಾಲೀಕರ ಹೆಂಡತಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡುತ್ತಾರೆ. "ನೀನೇನು ಮಾಡಿದೀಯೇ? ಅವರು ಇದ್ದಂಗೇ ಇದಾರಲ್ಲ," ಎಂದು ಸೆರಗಿನಿಂದ ಮೂಗೊರೆಸಿಕೊಳ್ಳುತ್ತಾರೆ.

ಏಳನೆಯ ದಿನ ಅಂಗಡಿಯಿಂದ ಫೋನು.

"ಅಮ್ಮಾ, ಇವತ್ತೇ ಕಡೇ ದಿನ. ವಾಪಸ್ ತರ್ತೀರಾ?"

"ಡಬ್ಬಿಯೊಳಗೆ ಪೆನ್ನಿಗೆ ಹಾಕೋ ಹತ್ತು ಮೊನೆ ಜಾಸ್ತಿ ಕೊಟ್ಟಿದೀಯಲ್ಲಪ್ಪಾ," ಎನ್ನುತ್ತಾರೆ ಟಚಿಂಗ್ ಅಕ್ಕ, ಪೆನ್ನು ಕೆಳಗಿಡದೆಯೇ. "ಅವೆಲ್ಲ ಸವೆದ ಮೇಲೆ ಬರ್ತೀನಿ, ಇನ್ನಷ್ಟು ಕೊಡು."